ಸೀಡಿಯೊಳಗಿನ ಫಕ್ಕೀರಪ್ಪ ಕಾಕಾ

ಸತ್ತ ಮನುಷ್ಯರೊಬ್ಬರ ಧ್ವನಿಯನ್ನು ನಾನು ಅಳಿಸಿಹಾಕಿದೆ. ಆಮೇಲೆ ಆ ಜಾಗದಲ್ಲಿ ನನ್ನ ಧ್ವನಿಯನ್ನು ಇಟ್ಟೆ — ಅವರ ಹೆಂಡತಿ, ಮಗಳು ಗುರುತು ಹಿಡಿಯದ ಹಾಗೆ. ಮೊದಲನೆಯದು ದಡ್ಡತನ. ಎರಡನೆಯದಕ್ಕೆ ಏನೆನ್ನಬೇಕೋ ನನಗೆ ಈಗಲೂ ತಿಳಿದಿಲ್ಲ.

ದಡ್ಡತನದಿಂದಲೇ ಶುರುಮಾಡುತ್ತೇನೆ, ಅದು ನನಗೆ ರೂಢಿ. ಹಿರೇಕೆರೂರಿನ ಬಸ್ ಸ್ಟ್ಯಾಂಡಿನ ಎದುರು ನಮ್ಮ ಮಾವನ ಅಂಗಡಿಯಿತ್ತು. ಮೊಬೈಲಿಗೆ ಹಾಡು ತುಂಬುವುದು, ಮದುವೆಯ ಸೀಡಿ ಮಾಡುವುದು, ನೃತ್ಯ ಸ್ಪರ್ಧೆಗೆ ಹಾಡು ಕತ್ತರಿಸಿ ಜೋಡಿಸಿಕೊಡುವುದು ನನ್ನ ಕೆಲಸ. ನಿಜವಾಗಿ ನಾನು ಮಾಡುತ್ತಿದ್ದುದು ಮಾತ್ರ ಮಿಮಿಕ್ರಿ. ಯಲವಿಗಿ ಸ್ಟೇಶನ್ನಿನಲ್ಲಿ ಗಾಡಿ ತಡವೆಂದು ಸಾರುವ ಹೆಣ್ಣುದನಿ. ಗೊರಕೆಯ ನಡುವೆಯೇ "ನಾ ಎಚ್ಚರ ಅದೇನಿ" ಅನ್ನುವ ನಮ್ಮಪ್ಪ. ಹುಡುಗಿಯರೆದುರು ತೊದಲುವ ನಾನು — ಇದಕ್ಕಂತೂ ಬಹಳ ಬೇಡಿಕೆ. ಯಾರನ್ನೂ ಬಿಟ್ಟವನಲ್ಲ.

ಮಾಸೂರಿನ ಫಕ್ಕೀರಪ್ಪ ಕಾಕಾರನ್ನೂ ಬಿಟ್ಟಿರಲಿಲ್ಲ. ಹಗಲೆಲ್ಲ ಮಂದಿಯ ಗದ್ದೆಯಲ್ಲಿ ದುಡಿದು, ಸಂಜೆ ಊರಿನ ಹುಡುಗಿಯರಿಗೆ ಕೋಲಾಟ ಕಲಿಸುತ್ತಿದ್ದರು. ಕುಣಿಯುವವರ ನಡುವೆ ನಿಂತು ಅವರು ಕೂಗು ಹಾಕಬೇಕು — "ಒಳಗ!", "ಹೊರಗ!", "ಜೋಡಿ ಬದಲ!" — ಆ ಕೂಗು ಬಿದ್ದ ಮೇಲೇ ಕೋಲುಗಳು ತಿರುಗಬೇಕು. ಪ್ರತಿ ಕೂಗಿಗೆ ಮೊದಲು ಅವರ ಗಂಟಲಲ್ಲಿ ಸಣ್ಣದೊಂದು ಗೊರಗೊರ. ಅದನ್ನು ಅವರೆದುರೇ ಮಾಡಿ ತೋರಿಸಿದ್ದೆ. ಹೊಟ್ಟೆ ಹಿಡಿದು ನಕ್ಕರು. "ಭಲೇ ಮಂಗ್ಯಾ! ನಾ ಸತ್ತರ ಈ ಕೆಲಸಾ ನೀನ ಹಿಡಿಯಪಾ."

ಅದಾಗಿ ವರ್ಷ ತುಂಬಿರಲಿಲ್ಲ. ಒಂದು ಮುಂಜಾನೆ ಮದಗದ ಕೆರೆಯ ಕೆಳಗಿನ ಗದ್ದೆಗೆ ನೀರು ಬಿಡಲು ಹೋದವರು ಬದುವಿನ ಮೇಲೆ ಕುಳಿತರು. ಕುಳಿತಂತೆಯೇ ಹೋಗಿಬಿಟ್ಟರು.

ಕೆಲವು ತಿಂಗಳ ಮೇಲೆ ಅವರ ಮಗಳು ಗಿರಿಜಕ್ಕ ಅಂಗಡಿಗೆ ಬಂದಳು. ಹಾನಗಲ್ಲಿನಲ್ಲಿ ಜನಪದ ನೃತ್ಯ ಸ್ಪರ್ಧೆ. ವೇದಿಕೆಯ ಮೇಲೆ ಹಾಡುವವರು, ಬಾರಿಸುವವರು ಇರಬಾರದು, ಎಲ್ಲವೂ ಸೀಡಿಯಲ್ಲೇ ಇರಬೇಕೆಂಬುದು ನಿಯಮ. ಹುಡುಗಿಯರು ಹಾಡಿದ್ದ ಪದವನ್ನು ಆಗಲೇ ರೆಕಾರ್ಡ್ ಮಾಡಿದ್ದೆವು. ಬೇಕಾಗಿದ್ದುದು ಕೂಗು. ಸೆರಗಿನ ಗಂಟು ಬಿಚ್ಚಿ ಒಂದು ಮೆಮರಿ ಕಾರ್ಡ್ ಕೈಗಿಟ್ಟಳು. ಹಿಂದಿನ ವರ್ಷದ ಅಭ್ಯಾಸದಲ್ಲಿ ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟದ್ದು. ಅಪ್ಪನ ಧ್ವನಿ ಅಂತ ಭೂಮಿಯ ಮೇಲೆ ಉಳಿದದ್ದು ಅದೊಂದೇ.

"ನಾವಿನ್ನೂ ಕೇಳಿಲ್ಲೋ. ಅವ್ವಗೂ ನನಗೂ ಕೇಳೂ ಧೈರ್ಯ ಆಗವಲ್ದು. ನೀನ ನೋಡಿ ಹಾಕು. ಜ್ವಾಕಿ ಮಂಗ್ಯಾ."

ಜ್ವಾಕಿ. ನಾನು!

ಕಾರ್ಡ್ ಹಾಕಿದೆ. ಮೊದಲು ಕೋಳಿಯ ಸದ್ದು, ಯಾವುದೋ ಹುಡುಗಿಯ ನಗು, ಆಮೇಲೆ ಆ ಗೊರಗೊರ — "ಒಳಗ!" ಅಷ್ಟಕ್ಕೇ ಸಿಕ್ಕಿಕೊಂಡಿತು. ತೆಗೆದು ಮತ್ತೆ ಹಾಕಿದೆ. ಕಾರ್ಡ್ ಸರಿಯಿಲ್ಲ, ಫಾರ್ಮ್ಯಾಟ್ ಮಾಡಲೇ — ಅಂದರೆ ಇದ್ದದ್ದೆಲ್ಲ ಅಳಿಸಲೇ — ಎಂದು ಕಂಪ್ಯೂಟರ್ ಕೇಳಿತು. ಬೆಂಚಿನ ಮೇಲೆ ಕುಳಿತ ಗಿರಾಕಿಗಳಿಗೆ ನಾನು ಸವಣೂರು ಬಸ್ಸಿನ ಕಂಡಕ್ಟರನ ಜಗಳ ಮಾಡಿ ತೋರಿಸುತ್ತಿದ್ದೆ. ಅವರು ನಗುತ್ತಿದ್ದರು. ನಾನು ಅವರ ಮುಖ ನೋಡುತ್ತಲೇ ಹೌದು ಎಂಬುದನ್ನು ಒತ್ತಿದೆ.

ಆ ಕಾರ್ಡನ್ನು ಹುಬ್ಬಳ್ಳಿಯವರೆಗೂ ಒಯ್ದೆ. ಏನೂ ಮರಳಲಿಲ್ಲ. ಹೇಳಿಬಿಡಬೇಕಿತ್ತು — ಹೇಳುವುದಕ್ಕೆಂದೇ ಒಮ್ಮೆ ಮಾಸೂರಿನ ಬಸ್ಸು ಹತ್ತಿದೆ, ನಡುದಾರಿಯಲ್ಲಿ ಇಳಿದುಬಂದೆ. ಮರುದಿನ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯ ಕಿಟಕಿಗೆ ಕೌದಿ ಕಟ್ಟಿ, ಫ್ಯಾನ್ ನಿಲ್ಲಿಸಿ, ಮೈಕಿನ ಮುಂದೆ ಕುಳಿತೆ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಮೊದಲ ಕೂಗು ಬರೀ ಅಣಕವಾಗಿತ್ತು. ಅದರ ಮುಂದಿನದೂ ಅಷ್ಟೇ. ಆಮೇಲೆ — ಹೇಗೆ ಹೇಳಲಿ — ಗೊರಗೊರ ನಾನು ಮಾಡುವ ಮೊದಲೇ ಬಂತು. ಗಂಟಲು ತಾನೇ ಸಜ್ಜಾಗಿ ನನಗಾಗಿ ಕಾಯುತ್ತಿದ್ದಂತೆ. ಸೆಕೆಯ ಕೋಣೆಯಲ್ಲಿ ಕುತ್ತಿಗೆಯ ಹಿಂದೆ ಮಾತ್ರ ತಣ್ಣಗಾಗುತ್ತಿತ್ತು. ಹೆದರಿದಾಗ ನಾನು ಚೇಷ್ಟೆ ಮಾಡುತ್ತೇನೆ, ಅದು ನನ್ನ ರೋಗ. ಹುಡುಗಿಯರು ವೇದಿಕೆ ಇಳಿಯಲು ಕೊನೆಗೊಂದು ಗುರುತು ಬೇಕಿತ್ತಲ್ಲ, ಮಂದಿ ಚಪ್ಪಾಳೆ ತಟ್ಟಲೆಂದು ಕಾಕಾರ ಧ್ವನಿಯಲ್ಲಿ ಒಂದು ಮಾತು ಸೇರಿಸಿದೆ: "ಸಾಕ್ರವ್ವಾ, ನಾ ಹೋಗ್ತೇನಿ!"

ಮರಳಿ ಕೇಳಿದಾಗ ಆ ಮಾತಿನ ಹಿಂದೆ ಕೋಲಿಗೆ ಕೋಲು ತಾಗಿದ ಸದ್ದೊಂದಿತ್ತು. ಕೋಣೆಯಲ್ಲಿ ಕೋಲು ಇರಲಿಲ್ಲ. ಕುರ್ಚಿಯ ಸದ್ದಿರಬೇಕು. ಕುರ್ಚಿಯದೇ ಎಂದುಕೊಂಡು ಸೀಡಿ ಬರೆದೆ.

ಹಾನಗಲ್ಲಿನ ಕಾಲೇಜು ಬಯಲಿನಲ್ಲಿ ಶಿಗ್ಗಾವಿಯವರದು, ಸವಣೂರಿನವರದು ಮುಗಿದ ಮೇಲೆ ಮಾಸೂರಿನ ಸರದಿ. ಮೊದಲ ಕೂಗಿಗೆ, ಅಲ್ಲಿಯವರೆಗೂ ಸೀಡಿ ಕೇಳದಿದ್ದ ಗಿರಿಜಕ್ಕನ ಕೋಲು ಅರೆಗಳಿಗೆ ತಡವಾಯಿತು, ಆಮೇಲೆ ಅವಳು ಕುಣಿದ ಪರಿಯನ್ನು ನಾನು ಮತ್ತೆಂದೂ ನೋಡಿಲ್ಲ. ಒಳಗ ಅಂದರೆ ಒಳಗೆ, ಹೊರಗ ಅಂದರೆ ಹೊರಗೆ — ನನ್ನ ಬಾಯಿಗೆ ಅಷ್ಟೂ ಹುಡುಗಿಯರು ತಿರುಗುತ್ತಿದ್ದರು, ನಾನು ಸೌಂಡ್ ಬಾಕ್ಸಿನ ಪಕ್ಕ ಬಾಯಿಮುಚ್ಚಿ ನಿಂತಿದ್ದೆ. ಕೊನೆಯ ಮಾತಿಗೆ ಬಂದು ಸೀಡಿ ಸಿಕ್ಕಿಕೊಂಡಿತು.

"ನಾ ಹೋಗ್ತೇನಿ... ನಾ ಹೋಗ್ತೇನಿ... ನಾ ಹೋಗ್ತೇನಿ..."

ನಮ್ಮ ಕಡೆ ಮನೆ ಬಿಡುವಾಗ ಯಾರೂ ಬಾಯಿಂದ ಹೊರಡಿಸದ ಮಾತು. ಬಯಲಿನ ತುಂಬ ಸತ್ತವರ ಧ್ವನಿ ಅದನ್ನೇ ಹೇಳುತ್ತಿತ್ತು. ಹುಡುಗಿಯರು ನಿಲ್ಲಬೇಕೋ ಬೇಡವೋ ತಿಳಿಯದೆ ಸುತ್ತುತ್ತಲೇ ಇದ್ದರು. ಮುಂದಿನ ಸಾಲಿನಲ್ಲಿ ಕಾಕಾರ ಹೆಂಡತಿ ನೀಲವ್ವ ಎದ್ದು ನಿಂತರು. ಅಳಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, ವೇದಿಕೆಯನ್ನು ಬಿಟ್ಟು ಸೌಂಡ್ ಬಾಕ್ಸಿನ ಕಡೆಗೆ — ನನ್ನ ಕಡೆಗೆ — ನೋಡಿದರು. ಯಾರೋ ವಾಯರ್ ಕಿತ್ತರು.

ಬಹುಮಾನ ಬಂತು. ಗಿರಿಜಕ್ಕ ನನ್ನ ಎರಡೂ ಕೈ ಹಿಡಿದುಕೊಂಡಳು. "ಅಪ್ಪ ಬಂದಿದ್ದ ನೋಡೋ! ನನ್ನ ಬೆನ್ನ ಹಿಂದನ ಇದ್ದ!"

ಆಗಲೂ ಹೇಳಬಹುದಿತ್ತು. ನಾನು ನಕ್ಕೆ.

ಅಂದಿನಿಂದ ಆ ಗೊರಗೊರ ನನ್ನನ್ನು ಬಿಡಲಿಲ್ಲ. ಕಂಡಕ್ಟರನನ್ನು ಅಣಕಿಸಲು ಬಾಯಿ ತೆರೆದರೆ ಮೊದಲು ಅದು ಬರುತ್ತದೆ. ಒಮ್ಮೆ ಬೇರೆಯವರ ಫೋನಿನಿಂದ ನಮ್ಮವ್ವನಿಗೆ ಮಾತಾಡಿದೆ. ನಾನು ಸುಮ್ಮನೆ ನನ್ನ ಧ್ವನಿಯಲ್ಲೇ ಮಾತಾಡಿದ್ದು. ಅವ್ವ, "ಯಾರ್ರಿ ನೀವು?" ಎಂದಳು. ಇನ್ನೊಂದು ಯೋಚನೆ ಇದಕ್ಕಿಂತ ಕೆಟ್ಟದ್ದು: ಆ ಕಾರ್ಡಿನ ಕೊನೆಯಲ್ಲಿ ಕಾಕಾ ನಿಜವಾಗಿ ಏನು ಹೇಳಿದ್ದರು? ಕೇಳಿದವರು ಯಾರೂ ಇಲ್ಲ. ನಾನೂ ಕೇಳಲಿಲ್ಲ.

ವರ್ಷಗಳು ಕಳೆದವು. ಗಿರಿಜಕ್ಕನನ್ನು ಹಿರೇಬೆಂಡಿಗೇರಿಗೆ ಕೊಟ್ಟರು, ಮಗನಾದ. ಸೀಡಿ ಅವಳೊಡನೆ ಹೋಯಿತು. ಮೊನ್ನೆ ತವರಿಗೆ ಬಂದವಳು ಫೋನ್ ಮಾಡಿದಳು — "ಪ್ಲೇಯರ್ ಕೆಟ್ಟೈತಿ. ಅಪ್ಪನ ಸೀಡಿ ಮೊಬೈಲಿಗೆ ಹಾಕಿಕೊಡು. ಅದನ್ನ ಕೇಳದ ನನ್ನ ಮಗ ಉಣ್ಣೂದಿಲ್ಲ."

ಮಾಸೂರಿಗೆ ಹೋದೆ. ಅಂಗಳದಲ್ಲಿ ಚಪ್ಪಲಿ ಬಿಟ್ಟು, "ಅವ್ವಾರ, ಅದೀರೇನ್ರಿ?" ಎಂದೆ. ಒಳಗಿಂದ ಪುಟ್ಟ ಹೆಜ್ಜೆಗಳು ಓಡಿಬಂದವು. ಆ ಮಗು ನನ್ನನ್ನು ಹಿಂದೆಂದೂ ಕಂಡದ್ದಲ್ಲ. ಹೊಸ್ತಿಲಲ್ಲಿ ನಿಂತು ನನ್ನ ಮುಖವನ್ನಲ್ಲ, ಬಾಯಿಯನ್ನು ನೋಡಿತು. ಆಮೇಲೆ ಒಳಕ್ಕೆ ತಿರುಗಿ ಖುಷಿಯಿಂದ ಕೂಗಿತು:

"ಅವ್ವಾ, ಅಜ್ಜ ಬಂದಾನ!"

ಗಿರಿಜಕ್ಕ ನಗುತ್ತ ಬಂದಳು. ನನ್ನ ಮುಖ ನೋಡಿ ಅವಳ ನಗು ನಿಂತಿತು.

ಹೊಸ್ತಿಲ ಈಚೆಯೇ ನಿಂತು ಎಲ್ಲ ಹೇಳಿದೆ. ಖಾಲಿ ಕಾರ್ಡನ್ನು ಇಷ್ಟು ವರ್ಷ ಪಾಕೀಟಿನಲ್ಲೇ ಇಟ್ಟುಕೊಂಡಿದ್ದೆ, ತೆಗೆದು ಚಾಚಿದೆ. ಗಿರಿಜಕ್ಕ ಮುಟ್ಟಲಿಲ್ಲ. ಮಗುವನ್ನು ಎತ್ತಿಕೊಂಡು, ಅದರ ಕಿವಿಯ ಮೇಲೆ ಅಂಗೈ ಒತ್ತಿ ಹಿಡಿದು ಒಳಗೆ ಹೋದಳು. ಕಾರ್ಡ್ ತೆಗೆದುಕೊಂಡವರು ನೀಲವ್ವ.

"ನನಗ ಗೊತ್ತೈತಿ," ಎಂದರು. "ಹಾನಗಲ್ಲದಾಗ ಎದ್ದು ನಿಂತೆನಲ್ಲ, ಅವತ್ತ ಗೊತ್ತಾತು. ಅವರು ಗದ್ದಿಗೆ ಹೋಗೂ ಮುಂದ ಇದ ಬಾಗಲದಾಗ ನಿಂತು, ಬರ್ತೇನಿ ಅಂತ ಹೇಳಿ ಹೋದವರು. ಹೋಗ್ತೇನಿ ಅಂತ ಅವರ ಬಾಯಾಗ ಎಂದೂ ಬಂದದ್ದಲ್ಲ. ಹುಡುಗಿ ಅಪ್ಪ ಬಂದಿದ್ದ ಅಂತ ಕುಣಿದಾಡಿದ್ಲು. ಅಕಿಗೆ ನಾ ಏನಂತ ಹೇಳ್ಲಿ?"

ನೀಲವ್ವ ಕಾರ್ಡನ್ನು ಸೆರಗಿನ ತುದಿಯಲ್ಲಿಟ್ಟು ಗಂಟು ಹಾಕಿದರು, ಹಲ್ಲಿನಿಂದ ಎಳೆದು ಬಿಗಿ ಮಾಡಿದರು. ನಾನು ಚಪ್ಪಲಿ ಮೆಟ್ಟಿಕೊಂಡೆ. ರೂಢಿಯ ಬಾಯಿ ನೋಡಿ — ಗಂಟಲು ಗೊರಗುಟ್ಟಿ, "ಬರ್ತೇನ್ರಿ ಅವ್ವಾರ" ಎಂದುಬಿಟ್ಟಿತು.

"ಬರ್ತೇನಿ ಅನಬ್ಯಾಡ ತಮ್ಮಾ," ಎಂದರು ನೀಲವ್ವ. "ಹೋಗ್ತೇನಿ ಅನ್ನು. ಅದನ್ನ ನೀ ಚಲೋ ಅಂತೀ."