ಕೊನೆಯ ಬದಲಾವಣೆ ಮಾಡಿದವರು

ಆಸ್ಪತ್ರೆಯ ಎರಡನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ, 2002ನೆಯ ಇಸವಿ ಜೂನ್ 3, ಸೋಮವಾರದಿಂದ ಕೆಲಸ ಮಾಡುತ್ತಿದ್ದ ಆಕೆಯನ್ನು ಎಲ್ಲರೂ ‘ವರದಿ ಅಕ್ಕ’ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಎಷ್ಟು ಹಾಸಿಗೆ ಖಾಲಿ ಇವೆ, ಯಾವ ಔಷಧ ಮುಗಿಯುತ್ತ ಬಂದಿದೆ, ನಿನ್ನೆ ಯಾರು ಯಾರು ಗುಣವಾಗಿ ಮನೆಗೆ ಹೋದರು, ಇಂಥ ನಲವತ್ತೊಂದು ವರದಿಗಳನ್ನು ವರದಿ ಸರ್ವರ್ ದಿನವೂ ಬೆಳಿಗ್ಗೆ ಆರು ಗಂಟೆಗೆ ತಾನಾಗಿಯೇ ಸಿದ್ಧಪಡಿಸಿ, ಬೇಕಾದವರ ಇ-ಮೇಲ್‌ಗೆ ಕಳುಹಿಸುತ್ತಿತ್ತು. ಚಂದಾದಾರರ ಮನೆಗೆ ಪತ್ರಿಕೆ ಬಂದು ಬೀಳುವ ಹಾಗೆಯೇ ಇದೂ; ಆದ್ದರಿಂದ ಇದಕ್ಕೂ ‘ಚಂದಾ’ ಎಂಬ ಹೆಸರೇ ನಿಂತಿತ್ತು.

ವೈದ್ಯರಾಗಲಿ ಗುಮಾಸ್ತರಾಗಲಿ ತಮ್ಮ ತಮ್ಮ ಚಂದಾವನ್ನಷ್ಟೇ ತಿದ್ದಬಹುದಿತ್ತು. ಎಲ್ಲರ ಚಂದಾವನ್ನೂ ತಿದ್ದುವ ಅನುಮತಿ ಇದ್ದುದು ಆಕೆಯೊಬ್ಬಳಿಗೆ. ಶಸ್ತ್ರಚಿಕಿತ್ಸೆಯ ಹಿರಿಯ ವೈದ್ಯರೇ ಬಂದು ನಿಂತರೂ, ‘ಪತ್ರ ಕೊಡಿ ಸರ್, ಐದೇ ನಿಮಿಷ, ಮಾಡಿಬಿಡ್ತೀನಿ’ ಎನ್ನುತ್ತಿದ್ದಳೇ ಹೊರತು ಪತ್ರವಿಲ್ಲದೆ ಕಂಪ್ಯೂಟರಿನ ಮೌಸನ್ನೂ ಮುಟ್ಟುತ್ತಿರಲಿಲ್ಲ. ‘ನಿಮ್ಮ ಕೈಲಿ ಸ್ವರ್ಗದ ಬಾಗಿಲಿದ್ರೆ ದೇವರೂ ಅರ್ಜಿ ಬರೀಬೇಕಾಗಿತ್ತು’ ಎಂದು ಆ ವೈದ್ಯರು ಗೊಣಗಿಕೊಂಡು ಹೋಗಿ ಪತ್ರ ತಂದಿದ್ದರು.

ಈ ನಿಯಮವನ್ನು ಆಕೆ ಮುರಿದದ್ದು ಒಂದೇ ಸಲ. 2021ರ ಅಕ್ಟೋಬರ್ 11, ಸೋಮವಾರ, ತಾಯಿಯ ಸೊಂಟದ ಶಸ್ತ್ರಚಿಕಿತ್ಸೆಗೆಂದು ಹದಿನೈದು ದಿನ ರಜೆ ಹಾಕಿದಾಗ, ಪಕ್ಕದ ಮೇಜಿನ ದಾಖಲೆ ಗುಮಾಸ್ತನಿಗೆ ತನ್ನಷ್ಟೇ ಅನುಮತಿ ಕೊಟ್ಟು ಹೋದಳು. ಅವನು ಒಂಬತ್ತು ವರ್ಷಗಳಿಂದ ‘ಅಕ್ಕ, ಅಕ್ಕ’ ಎಂದು ಬೆನ್ನಿಗಂಟಿಕೊಂಡಿದ್ದವನು; ಕೆಲಸ ಕಲಿತದ್ದು ಆಕೆಯ ಕೈಯಲ್ಲೇ. 26ರಂದು ಮರಳಿದವಳು ಆ ಅನುಮತಿಯನ್ನು ಹಿಂತೆಗೆಯಲಿಲ್ಲ. ಮರೆತದ್ದಲ್ಲ, ತೆಗೆದರೆ ಅವನು ಎಲ್ಲಿ ನೊಂದುಕೊಳ್ಳುತ್ತಾನೋ ಎಂಬ ಸಂಕೋಚ.

2023ರ ಫೆಬ್ರವರಿ 7, ಮಂಗಳವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಒಬ್ಬ ಮುದುಕಿಯ ಫೋನು ಬಂದಿತು.

‘ನಮ್ಮನೆಯವರನ್ನ ನಿನ್ನೆ ಸಂಜೆ ಮನೆಗೆ ಕಳಿಸಿದ್ರಿ. ಇನ್ನೂ ಮುಖ ತೊಳೆದಿಲ್ಲ ಅವರು, ಊರುಗೋಲು ಬೇಕಾ ಅಂತ ಅಂಗಡಿಯವರು ಫೋನ್ ಮಾಡಿದಾರೆ! ಮುರಿದಿದ್ದು ಎಡಗಾಲು ಅಂತಲೂ ಗೊತ್ತು ಅವರಿಗೆ. ಯಾರಮ್ಮಾ ಹೇಳಿದ್ದು?’

ಮನೆಗೆ ಹೋದವರ ಪಟ್ಟಿಯ ಚಂದಾ ಇದ್ದುದು ಆಕೆಯ ಹೆಸರಿನಲ್ಲೇ. ತೆರೆದು ನೋಡಿದಳು. ಪಟ್ಟಿ ಹೋಗುತ್ತಿದ್ದ ಇ-ಮೇಲ್ ವಿಳಾಸಗಳಲ್ಲಿ ಹನ್ನೆರಡು ಪರಿಚಿತ. ಹದಿಮೂರನೆಯದು ಹೊರಗಿನ ಒಂದು ಅಂಗಡಿಯದು. ರೋಗಿಗಳ ಹೆಸರು, ಕಾಯಿಲೆ, ಫೋನ್ ನಂಬರು ಇನ್ನೊಂದು ದಿನವೂ ಹೊರಗೆ ಹೋಗಕೂಡದೆಂದು, ಹಿಂದುಮುಂದು ನೋಡದೆ ಆ ವಿಳಾಸವನ್ನು ಅಳಿಸಿ ‘ಉಳಿಸು’ ಒತ್ತಿಬಿಟ್ಟಳು.

ಒತ್ತಿದ ಮೇಲೆಯೇ ಕೆಳಗಿನ ಸಾಲು ಕಣ್ಣಿಗೆ ಬಿದ್ದದ್ದು: ‘ಕೊನೆಯ ಬದಲಾವಣೆ ಮಾಡಿದವರು.’ ಆ ಸರ್ವರ್ ಕಟ್ಟಕಡೆಗೆ ತಿದ್ದಿದವರ ಹೆಸರೊಂದನ್ನೇ ಇಟ್ಟುಕೊಳ್ಳುತ್ತಿತ್ತು. ಈಗ ಅಲ್ಲಿ ಆಕೆಯ ಹೆಸರು, ಒಂಬತ್ತು ಐವತ್ತೆರಡರ ಸಮಯ. ನಿಮಿಷದ ಹಿಂದೆ ಅಲ್ಲಿದ್ದ ಹೆಸರನ್ನು ತನ್ನ ಕೈಯಾರೆ ಒರೆಸಿ ಹಾಕಿದ್ದಳು.

ಆಸ್ಪತ್ರೆಯ ಅಧೀಕ್ಷಕರಿಗೆ ವಿಷಯ ತಿಳಿಸಿದಾಗ, ವಿಚಾರಣೆ ನಡೆಸುತ್ತೇವೆ, ಲಿಖಿತ ಹೇಳಿಕೆ ಕೊಡಿ ಎಂದರು. ಅನುಮತಿ ಇದ್ದವರು ಇಬ್ಬರೇ. ಮಧ್ಯಾಹ್ನ ದಾಖಲೆ ಗುಮಾಸ್ತನನ್ನು ಮೆಟ್ಟಿಲ ಬಳಿ ನಿಲ್ಲಿಸಿದಳು.

‘ಅಂಗಡಿ ಯಾರದೋ?’

ಅವನು ಮೊದಲು ನಕ್ಕ. ಆಮೇಲೆ ಮುಖ ಹುಳ್ಳಗಾಯಿತು. ‘ನಮ್ಮ ಭಾಮೈದಂದು ಅಕ್ಕ. ದಿನಾ ಪ್ರಾಣ ತಿಂತಿದ್ದ. ಬರೀ ಪಟ್ಟಿ ತಾನೇ, ಯಾರಿಗೇನು ನಷ್ಟ ಅಂದ್ಕೊಂಡೆ.’

‘ಚಂದಾ ನನ್ನ ಹೆಸರಲ್ಲಿದೆ. ಗೊತ್ತಿತ್ತಾ ಇಲ್ವಾ?’

‘ಗೊತ್ತಿತ್ತು. ನಿಮ್ಮ ಹೆಸರಲ್ಲಿದ್ರೆ ಯಾರೂ ಅನುಮಾನ ಪಡಲ್ಲ ಅಂತಲೇ...’ ಎಂದು ತಡವರಿಸಿ, ‘ವಿಚಾರಣೆಯಲ್ಲಿ ನಾನೇ ಒಪ್ಕೋತೀನಿ. ನಿಮ್ಮಾಣೆ. ನೀವಾಗಿ ನನ್ನ ಹೆಸರು ಬರೆದ್ರೆ ಕೆಲಸಾನೇ ಹೋಗುತ್ತೆ ಅಕ್ಕ. ನಾನೇ ಹೇಳಿದ್ರೆ ಉಳಿದ್ರೂ ಉಳಿಯುತ್ತೆ’ ಎಂದ.

ಆಕೆ ನಂಬಿದಳು. ಲಿಖಿತ ಹೇಳಿಕೆಯಲ್ಲಿ ನಡೆದದ್ದನ್ನೆಲ್ಲ ಗಂಟೆ ನಿಮಿಷ ಸಹಿತ ಬರೆದು, ಅವನ ಹೆಸರನ್ನು ಮಾತ್ರ ಬಿಟ್ಟಳು.

ಫೆಬ್ರವರಿ 16, ಗುರುವಾರ, ಹನ್ನೊಂದು ಗಂಟೆಗೆ ಅಧೀಕ್ಷಕರ ಕೋಣೆಯಲ್ಲಿ ಇಬ್ಬರನ್ನೂ ಕೂರಿಸಿದರು. ಮೊದಲು ಅವನ ಸರದಿ. ಆಕೆ ಅವನ ಮುಖವನ್ನೇ ನೋಡುತ್ತಿದ್ದಳು.

‘ಅಂಥ ಅನುಮತಿ ನನಗಿದೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ ಸರ್’ ಎಂದ ಅವನು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ‘ಅಕ್ಕನಿಗೆ ಕೆಲಸದ ಹೊರೆ ಜಾಸ್ತಿ. ಏನೋ ಕೈತಪ್ಪಿ ಆಗಿರ್ಬೇಕು. ದೊಡ್ಡ ಮನಸ್ಸು ಮಾಡಿ ಇದನ್ನ ಇಲ್ಲಿಗೇ ಬಿಟ್ಬಿಡಿ ಸರ್.’

ತನ್ನ ಪರವಾಗಿ ಕೈಮುಗಿಯುತ್ತಿದ್ದವನತ್ತ ಬೆರಳು ತೋರಿಸಿ ಆಕೆ, ‘ಸುಳ್ಳು ಸರ್! ಮೆಟ್ಟಿಲ ಹತ್ರ ನನ್ನೆದುರೇ ಒಪ್ಪಿಕೊಂಡಿದಾನೆ’ ಎಂದಳು.

ಅಧೀಕ್ಷಕರು ಕನ್ನಡಕ ಸರಿಪಡಿಸಿಕೊಂಡು ಹೇಳಿಕೆಯ ಹಾಳೆಗಳನ್ನು ತಿರುವಿದರು. ‘ಮೂರು ಪುಟ ಬರ್ದಿದೀರಮ್ಮ. ಇದರಲ್ಲಿ ಆ ಮಾತೇ ಇಲ್ವಲ್ಲ? ಹೋಗಲಿ, ಇವರಿಗೆ ಅನುಮತಿ ಕೊಟ್ಟಿದ್ದು ಯಾವ ಪತ್ರದ ಮೇಲೆ?’

ಪತ್ರವಿರಲಿಲ್ಲ.

ಫೆಬ್ರವರಿ 28ರಂದು ಆದೇಶ ಬಂದಿತು. ನಿರ್ಲಕ್ಷ್ಯದ ಕಾರಣ ಆಕೆಯನ್ನು ನೆಲಮಹಡಿಯ ಹೊರರೋಗಿಗಳ ಕೌಂಟರಿಗೆ ಹಾಕಲಾಗಿದೆ. ವರದಿ ಸರ್ವರಿನ ಜವಾಬ್ದಾರಿ, ಕೆಲಸ ಬಲ್ಲ ಬೇರೆಯವರು ಇಲ್ಲದ್ದರಿಂದ, ದಾಖಲೆ ಗುಮಾಸ್ತನಿಗೆ. ಇಪ್ಪತ್ತು ವರ್ಷ ಎಂಟು ತಿಂಗಳು ಜತನದಿಂದ ಕಾಪಾಡಿಕೊಂಡ ಹೆಸರಿಗೆ ಎರಡು ಸಾಲಿನ ಷರಾ.

ಮಾರ್ಚ್ 1, ಬುಧವಾರ, ಆ ಬದಲಾವಣೆಯನ್ನು ಆಕೆಯೇ ಮಾಡಿಕೊಡಬೇಕಾಗಿತ್ತು. ಅವನ ಹೆಸರಿನ ಮುಂದೆ ಹಿಂದೆ ತಾನೇ ಹಾಕಿದ್ದ ಪೂರ್ಣ ಅನುಮತಿಯ ಗುರುತನ್ನು ಹಾಗೆಯೇ ಬಿಟ್ಟಳು. ತನ್ನ ಹೆಸರನ್ನು ಆರಿಸಿ ತೆಗೆದಳು. ತಕ್ಷಣವೇ ಪರದೆ ಬೆಳ್ಳಗಾಗಿ, ಈ ಪುಟವನ್ನು ನೋಡಲು ನಿಮಗೆ ಅನುಮತಿಯಿಲ್ಲ ಎಂಬ ಸಾಲು ಮೂಡಿತು. ಅವನು ಕುರ್ಚಿಯ ಹಿಂದೆಯೇ ನಿಂತಿದ್ದ.

‘ಅಕ್ಕ, ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಕೆಳಗೆ ಬಂದು ಕೇಳ್ತೀನಿ. ಹೇಳಿಕೊಡ್ತೀರಲ್ಲ?’

‘ನಿನ್ನ ಭಾಮೈದನ್ನ ಕೇಳು’ ಎಂದು ಆಕೆ ಚೀಲವನ್ನು ಹೆಗಲಿಗೇರಿಸಿದಳು.

ಎರಡು ಗಂಟೆ ಹತ್ತು ನಿಮಿಷಕ್ಕೆ ಕೌಂಟರಿನಲ್ಲಿ ಹಾಜರಿ ಹಾಕಿದಳು. ಪಕ್ಕದ ಕುರ್ಚಿಯವಳು ನಗುನಗುತ್ತ, ‘ಬನ್ನಿ ಅಕ್ಕ, ಊಟ ಆಯ್ತಾ?’ ಎಂದು ವಿಚಾರಿಸಿದಳು. ಆಕೆ ಕೀಲಿಮಣೆಯನ್ನು ಎಡಗೈಯಿಂದ ಮರೆಮಾಡಿಕೊಂಡು, ಒಂದೊಂದೇ ಅಕ್ಷರವಾಗಿ ಪಾಸ್‌ವರ್ಡ್ ಒತ್ತತೊಡಗಿದಳು.