ಸಂಕ್ರಾಂತಿಯ ಸುಳ್ಳು ಶಾಸ್ತ್ರ

ಆಗಿನ್ನೂ ಲಂಡನ್ನಿನ ಕ್ರೋಯ್ಡನ್ನಿನಲ್ಲಿ ಕನ್ನಡದವರ ಮನೆಗಳು ಬೆರಳೆಣಿಕೆಯಷ್ಟು. ಜನವರಿ ಬಂತೆಂದರೆ ಹೆಂಗಸರೆಲ್ಲ ನಮ್ಮ ಫ್ಲ್ಯಾಟಿಗೇ ಬರುತ್ತಿದ್ದರು, ಏಕೆಂದರೆ ಸಕ್ಕರೆ ಅಚ್ಚಿನ ಮರದ ಮಣೆಗಳು ಇದ್ದದ್ದು ನಮ್ಮಮ್ಮನ ಹತ್ತಿರ ಮಾತ್ರ. ಮೈಸೂರಿನಿಂದ ಸೀರೆಗಳ ನಡುವೆ ಸುತ್ತಿ ತಂದಿದ್ದಳು. ಪಾಕದ ಆವಿ ಕಿಟಕಿ ಗಾಜಿಗೆ ಕಟ್ಟಿಕೊಂಡು ಕೆಳಗಿನ ಟ್ರಾಮ್ ಕಾಣುತ್ತಲೇ ಇರಲಿಲ್ಲ. ಹುರಿದ ಎಳ್ಳಿನ ಘಮ ಲಿಫ್ಟಿನವರೆಗೂ ಹೋಗುತ್ತಿತ್ತು. ಕೊಕ್ಕು ಹೋದ ಗಿಳಿ, ತುದಿ ಮುರಿದ ಗೋಪುರಕ್ಕಾಗಿ ನಾವು ಮಕ್ಕಳು ಕಾದು ಕೂರುತ್ತಿದ್ದೆವು. ಮುರಿದದ್ದು ನಮಗೆ, ಇಡಿಯಾದದ್ದು ಬೀರುವುದಕ್ಕೆ.

ನನಗೆ ಹತ್ತು ವರ್ಷವಾಗಿದ್ದ ಆ ಜನವರಿಯನ್ನು ನೆನೆದರೆ ಮಾತ್ರ ಈಗಲೂ ಹೇಸಿಗೆಯಾಗುತ್ತದೆ.

ಶಾಲೆಯಲ್ಲಿ ನಮ್ಮ ಟೀಚರ್ ಮಿಸ್ ಕ್ಲಾರ್ಕ್. ಅವರ ಅಜ್ಜಿ ಜಮೈಕಾದವರು. ಆ ತಿಂಗಳು ಅವರು ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ಹೆಂಗಸರ ಪಾಠ ಮಾಡುತ್ತಿದ್ದರು. ನಾವು ಅಲ್ಲಿಯವರೆಗೆ ಓದಿದ ಪುಸ್ತಕಗಳಲ್ಲಿ ಬಿಡುಗಡೆ ಕೊಟ್ಟವರೆಲ್ಲ ಬಿಳಿ ಗಂಡಸರು. "ಯಾರೋ ಕೊಟ್ಟದ್ದಲ್ಲ ಮಕ್ಕಳೇ, ಇವರೂ ಕಿತ್ತುಕೊಂಡದ್ದು" ಎಂದರು ಮಿಸ್. ಕಬ್ಬಿನ ತೋಟದಿಂದ ಓಡಿಹೋದವರು, ಓಡುವವರಿಗೆ ದಾರಿ ತೋರಿಸಿದವರು, ಇದೇ ಲಂಡನ್ನಿನಲ್ಲಿ ಕೂತು ತಾನು ತಿಂದ ಏಟುಗಳ ಕಥೆಯನ್ನು ತಾನೇ ಹೇಳಿ ಬರೆಸಿದವಳು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಅಸೆಂಬ್ಲಿಯಲ್ಲಿ ಪುಟ್ಟ ನಾಟಕ ಎಂದಾಯಿತು. ಕಥೆ ಹೇಳುವ ಆ ಹೆಂಗಸಿನ ಪಾತ್ರ ನನಗೆ. "ನಿನ್ನ ದನಿ ಕೊನೆಯ ಸಾಲಿಗೂ ಕೇಳುತ್ತದೆ, ಅದಕ್ಕೇ" ಎಂದರು ಮಿಸ್. ತಲೆಗೊಂದು ಬಿಳಿ ವಸ್ತ್ರ, ಅಷ್ಟೇ ವೇಷ. ಅವರು ಬರೆದುಕೊಟ್ಟ ಮೊದಲ ಮಾತು: ನನ್ನ ಕಥೆಯನ್ನು ನನ್ನ ಬಾಯಿಂದಲೇ ಕೇಳಿ. ಬಚ್ಚಲಲ್ಲೂ ಲಿಫ್ಟಲ್ಲೂ ಅದನ್ನೇ ಕೂಗಿ ಕೂಗಿ ಅಭ್ಯಾಸ ಮಾಡಿದೆ.

ಅಚ್ಚು ಹೊಯ್ಯುವ ದಿನ, ಆಂಟಿಯರೆಲ್ಲ ಕೂತಿದ್ದಾಗ, ಹೆಮ್ಮೆಯಿಂದ ಹೇಳಿಕೊಂಡೆ.

"ಅಯ್ಯೋ ಶಿವನೇ, ಗುಲಾಮಳ ಪಾರ್ಟಾ!" ಎಂದರು ಅಮ್ಮನ ಗೆಳತಿ ವಸಂತಾ ಆಂಟಿ. "ಬೇರೆ ಯಾರೂ ಸಿಗ್ಲಿಲ್ವಂತಾ?"

ಅಮ್ಮನ ಸೌಟು ನಿಂತಿತು. "ಇವಳ ಬಣ್ಣ ನೋಡಿ ಕೊಟ್ಟಿದ್ದಾಳೆ ಕಣ್ರೀ. ಅವಳೂ ಕರಿಯವಳೇ ಅಲ್ವಾ, ತನ್ನವಳು ಅನ್ನಿಸಿರ್ಬೇಕು."

"ದನಿಗೆ ಕೊಟ್ಟಿದ್ದು ಅಮ್ಮಾ."

"ಬಾಯ್ಮುಚ್ಚು. ದಿನಾ ಕಡಲೆಹಿಟ್ಟು ಹಚ್ಕೊಂಡು ಸ್ನಾನ ಮಾಡೇ ಅಂತ ಬಡ್ಕೊಳ್ಳೋದು ಇದಕ್ಕೇ."

ಎಲ್ಲರೂ ನಕ್ಕರು. ಅಚ್ಚು ಬೆಳ್ಳಗೆ ಬರಲೆಂದು ಅಮ್ಮ ಪಾಕಕ್ಕೆ ಒಂದು ಚಮಚ ಹಾಲು ಹಾಕಿ, ಮೇಲೆ ಬಂದ ಕೊಳೆಯನ್ನು ತೆಗೆದೆಸೆದಳು.

ಮರುದಿನ ಎಳ್ಳು ಬೆಲ್ಲದ ಡಬ್ಬಿ ಹಿಡಿದು ಅವಳೇ ಶಾಲೆಗೆ ಬಂದಳು. ನಗುನಗುತ್ತಾ ಮಿಸ್ ಕ್ಲಾರ್ಕ್‌ಗೆ ಹೇಳಿದಳು: "ಸಂಕ್ರಾಂತಿ ತಿಂಗಳಲ್ಲಿ ನಮ್ಮ ಹೆಣ್ಣುಮಕ್ಕಳು ವೇಷ ಹಾಕುವ ಹಾಗಿಲ್ಲ. ನಮ್ಮ ಶಾಸ್ತ್ರ."

ಯಾವ ಶಾಸ್ತ್ರ? ಹಿಂದಿನ ಸಂಕ್ರಾಂತಿಗೆ ಇದೇ ಅಮ್ಮ ನನ್ನ ಮುಖಕ್ಕೆ ನೀಲಿ ಬಳಿದು, ಕೃಷ್ಣನ ವೇಷ ಹಾಕಿ ಎಳ್ಳು ಬೀರಲು ಕಳಿಸಿದ್ದಳು!

ಮಿಸ್ ನನ್ನೆದುರು ಮಂಡಿಯೂರಿ ಕೂತರು. "ಕ್ಷಮಿಸು, ಮೊದಲೇ ಕೇಳಬೇಕಿತ್ತು ನಾನು. ನಿನಗೇನಾದರೂ ಹೇಳುವುದಿದೆಯಾ?" ನಾನು ನನ್ನ ಬೂಟು ನೋಡುತ್ತಾ ನಿಂತೆ. ಅವರು ಗಿಳಿ ಅಚ್ಚಿನ ತುದಿ ಕಡಿದು, ಇದನ್ನು ಕೊಡುವಾಗ ಏನೆನ್ನುತ್ತೀರಿ ಎಂದು ಕೇಳಿದರು. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡಿ ಎಂದು ಅಮ್ಮ ಹೇಳಿಕೊಟ್ಟಳು. ಪಾಪ, ಮಿಸ್ ತಡವರಿಸುತ್ತಾ ಎರಡು ಸಲ ಹೇಳಿದರು. ಆಮೇಲೆ ತರಗತಿಯಲ್ಲಿ, ಒಬ್ಬರ ಸಂಪ್ರದಾಯವನ್ನು ಇನ್ನೊಬ್ಬರು ಗೌರವಿಸಬೇಕೆಂದು ಹೇಳಿ ಎಲ್ಲರಿಂದ ನನಗೆ ಚಪ್ಪಾಳೆ ಹೊಡೆಸಿದರು. ಥೂ!

"ನಂಬ್ಬಿಟ್ಲು ಕಣ್ರೀ! ಅವಳೇ ಸಾರಿ ಕೇಳಿದ್ಲು!" ಎಂದು ಸಂಜೆ ಅಮ್ಮ ಆಂಟಿಯರಿಗೆಲ್ಲ ಫೋನ್ ಮಾಡಿ ಬಿದ್ದು ಬಿದ್ದು ನಕ್ಕಳು. ನನ್ನ ಪಾತ್ರ ಮೆಲುದನಿಯ ಹುಡುಗಿಯೊಬ್ಬಳಿಗೆ ಹೋಯಿತು. ಅವಳು ಹೇಳಿದ್ದು ಮೂರನೇ ಸಾಲಿಗೂ ಕೇಳಲಿಲ್ಲ. ಮಿಸ್ ಕ್ಲಾರ್ಕ್ ಆ ಬೇಸಿಗೆಯಲ್ಲೇ ಊರು ಬಿಟ್ಟರು.

ಈಗ ನಾನು ಇದೇ ಲಂಡನ್ನಿನ ಹೌನ್ಸ್ಲೋದ ಶಾಲೆಯೊಂದರಲ್ಲಿ ಚರಿತ್ರೆಯ ಟೀಚರ್. ಜನವರಿಯಲ್ಲಿ ಅದೇ ಪಾಠ, ಅದೇ ಪುಟ್ಟ ನಾಟಕ. ಈ ವರ್ಷ ಆ ಪಾತ್ರವನ್ನು ಕನ್ನಡದ ಹುಡುಗಿಯೊಬ್ಬಳಿಗೆ ಕೊಟ್ಟೆ. ಮರುದಿನವೇ ಅವಳ ತಾಯಿಯ ಚೀಟಿ: ಸಂಕ್ರಾಂತಿ ತಿಂಗಳಲ್ಲಿ ನಮ್ಮ ಹೆಣ್ಣುಮಕ್ಕಳು ವೇಷ ಹಾಕುವಂತಿಲ್ಲ.

ಫೋನ್ ಮಾಡಿ ಕನ್ನಡದಲ್ಲೇ ಕೇಳಿದೆ: "ಈ ಶಾಸ್ತ್ರ ನಿಮಗೆ ಯಾರು ಹೇಳಿದ್ದು?"

"ಇಲ್ಲಿ ಸುಮಾರು ಮನೇಲಿ ಪಾಲಿಸ್ತಾರಲ್ಲ ಮಿಸ್. ಹಿಂದಿನಿಂದ್ಲೂ ಬಂದಿರೋದು."

"ಬಂದಿರೋದು ನಮ್ಮ ಅಡುಗೆಮನೆಯಿಂದ ಕಣ್ರೀ. ನಮ್ಮಮ್ಮ ಕಟ್ಟಿದ ಸುಳ್ಳು ಅದು. ಅವತ್ತು ಪಕ್ಕದಲ್ಲೇ ನಿಂತಿದ್ದೆ ನಾನು."

ಆಕೆ ತಗ್ಗಿದ ದನಿಯಲ್ಲಿ ಹೇಳಿದಳು: "ಆದ್ರೂ ಬೇಡ ಮಿಸ್. ಅವಳು ಮೊದಲೇ ಸ್ವಲ್ಪ ಕಪ್ಪು."

ಮರದ ಮಣೆಗಳು ಈಗ ನನ್ನ ಹತ್ತಿರವೇ ಇವೆ. ಒಂದು ಗಿಳಿಯನ್ನೂ ಹೊಯ್ದಿಲ್ಲ, ಹೊಯ್ಯುವುದೂ ಇಲ್ಲ. ಆ ಘಮ ಹೋಯಿತು, ಹಬ್ಬ ಹೋಯಿತು. ಮಿಸ್ ಕ್ಲಾರ್ಕ್ ಎಲ್ಲಿದ್ದಾರೋ ತಿಳಿಯದು. ಅಮ್ಮನ ಮೇಲೆ ಎಷ್ಟು ಅಸಹ್ಯವೋ ನನ್ನ ಮೇಲೂ ಅಷ್ಟೇ. ಕೊನೆಯ ಸಾಲಿಗೂ ಕೇಳುವ ದನಿ ನನಗಿತ್ತು. ಆ ದಿನ ಮಿಸ್ ನನ್ನೆದುರು ಮಂಡಿಯೂರಿ ಕೂತು ಕೇಳಿದ್ದರು, ನಾನು ಬಾಯಿ ಬಿಡಲಿಲ್ಲ.