ಅಲುಮಿತಾಳ ಕತ್ತರಿಯ ಮೇಲೆ ಬಂದ ಮಾತು

ಕೂದಲು ಸುಟ್ಟುಕೊಂಡ ಹೆಂಗಸರೆಲ್ಲ ಕೊನೆಗೆ ಬಂದು ಕೂರುವುದು ಅಲುಮಿತಾಳ ಜಗಲಿಯಲ್ಲಿ. ಸುವಾ ಪೇಟೆಯ ಗಾಜಿನ ಬಾಗಿಲಿನ ಅಂಗಡಿಗೆ ಹೋಗಿ, ದೇವರು ಕೊಟ್ಟ ಗುಂಗುರು ಕೂದಲಿಗೆ ಔಷಧಿ ಬಳಿಸಿ, ಬಿಸಿ ಇಕ್ಕಳದಲ್ಲಿ ಎಳೆಸಿ, ನೆಟ್ಟಗೆ ಮಾಡಿಸಿಕೊಂಡು, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಬೇಕೆಂದು ಜಗಳವಾಡಿ ಕೂತು ಊರಿಗೆ ಬರುತ್ತಾರೆ. ಮೂರು ವಾರ ಮೆರೆಯುತ್ತಾರೆ. ನಾಲ್ಕನೆಯ ವಾರ ತಲೆಗೆ ಬಟ್ಟೆ ಸುತ್ತಿಕೊಂಡು, ಯಾರೂ ಇಲ್ಲದ ಹೊತ್ತು ನೋಡಿ, ಹಿತ್ತಲ ಕಡೆಯಿಂದ ನುಸುಳುತ್ತಾರೆ. ನಾನು ಪಕ್ಕದ ಮನೆಯವಳು. ಹನ್ನೊಂದು ವರ್ಷದಿಂದ ಈ ಮೆರವಣಿಗೆಯನ್ನು ನೋಡುತ್ತಿದ್ದೇನೆ. ಒಬ್ಬಳಿಗಾದರೂ ಬುದ್ಧಿ ಬಂದದ್ದನ್ನು ನೋಡಿಲ್ಲ.

ಅಲುಮಿತಾ ನನ್ನ ಸೋದರಮಾವನ ಮಗಳು. ಅತ್ತೆ ಮಾವಂದಿರ ಮಕ್ಕಳ ನಡುವೆ ನಮ್ಮಲ್ಲಿ ಮರ್ಯಾದೆ ಎಂಬುದಿಲ್ಲ. ಏನು ಬೈದರೂ ಬೇಜಾರು ಮಾಡಿಕೊಳ್ಳುವ ಹಾಗಿಲ್ಲ. ನಾನು ಅವಳನ್ನು ಹೇನುಗಾರ್ತಿ ಎನ್ನುತ್ತೇನೆ, ಅವಳು ನನ್ನನ್ನು ಬಾವಲಿ ಎನ್ನುತ್ತಾಳೆ. ಹಾಗಾಗಿ ಅವಳ ಬಗ್ಗೆ ನಾನು ಒಳ್ಳೆಯದು ಹೇಳಿದರೆ ನಂಬಬಹುದು, ಅದು ನನ್ನ ಬಾಯಿಂದ ಸುಲಭವಾಗಿ ಬರುವುದಿಲ್ಲ.

ದಪ್ಪ ಹೆಂಗಸು. ಅವಳ ಕೂದಲು ತಲೆಯ ಸುತ್ತ ಗುಂಡಗೆ ನಿಂತಿದೆ. ಬಲಗೈಯ ಮೂರು ಬೆರಳಿನ ಉಗುರುಗಳು ಹಳದಿಯಾಗಿ ಸೊಟ್ಟಗೆ ಬೆಳೆದಿವೆ. ಅದು ಆ ಔಷಧಿಯ ಕೆಲಸ. ಹನ್ನೆರಡು ವರ್ಷ ಅವಳೂ ಸುವಾದ ಅಂಥ ಒಂದು ಅಂಗಡಿಯಲ್ಲಿದ್ದಳು, ದಿನಕ್ಕೆ ಎಂಟು ತಲೆ ನೆಟ್ಟಗೆ ಮಾಡುತ್ತಿದ್ದಳು. ಒಂದು ದಿನ ಶಾಲೆಯ ಬಹುಮಾನದ ಸಮಾರಂಭಕ್ಕೆಂದು ತಾಯಿಯೊಬ್ಬಳು ಕರೆತಂದ ಹುಡುಗಿಯ ನೆತ್ತಿ ಬೊಬ್ಬೆ ಎದ್ದಿತು. ಯಜಮಾನಿ, 'ಮೇಲಿಂದ ಬಾಚಿ ಮುಚ್ಚಿ ಕಳಿಸು' ಎಂದಳು. ಅಲುಮಿತಾ ಆ ಹುಡುಗಿಯ ತಲೆ ತೊಳೆದು, ತನ್ನ ಕತ್ತರಿ ಎತ್ತಿಕೊಂಡು ಹೊರಗೆ ಬಂದವಳು ಮತ್ತೆ ಹೋಗಲಿಲ್ಲ. ಹನ್ನೆರಡು ವರ್ಷ ಕಣ್ಣಿಗೆ ಬೀಳದ್ದು ಅವತ್ತು ಬಿತ್ತಂತೆ! ಇದನ್ನು ಅವಳ ಮುಖಕ್ಕೇ ಹೇಳಿದ್ದೇನೆ. "ಹೌದು ಕಣೇ, ನಾನು ಸ್ವಲ್ಪ ನಿಧಾನ" ಎಂದಳು.

ಅವಳ ಹತ್ತಿರ ಇರುವ ಮದ್ದು ಒಂದೇ, ಕತ್ತರಿ. ಬರುವವರಿಗೆ ಬೇಕಾದದ್ದು ಬಾಟಲಿ. ಯಾವುದೋ ಹಾಲಿನಂಥದ್ದನ್ನು ಸವರಿದರೆ ಸುಟ್ಟದ್ದೆಲ್ಲ ಚಿಗುರಬೇಕು.

"ಸತ್ತದ್ದನ್ನ ಎಬ್ಬಿಸೋಕೆ ನಾನೇನು ಯೇಸುವಾ?" ಎನ್ನುತ್ತಾಳೆ. "ಎಣ್ಣೆ ಹಚ್ಚಿದ್ರೆ ಹೆಣ ಹೊಳೆಯುತ್ತೆ, ಅಷ್ಟೇ. ಬುಡದಲ್ಲಿ ಹೊಸದು ಬರ್ತಾ ಇದೆ, ಅದನ್ನ ಉಳಿಸ್ಕೋ. ಮಿಕ್ಕಿದ್ದು ಕತ್ತರಿಸು."

ಹೀಗೆ ಒರಟಾಗಿ ಆಡುವವಳು ತಲೆ ಮುಟ್ಟುವ ಮುಂಚೆ ಮಾತ್ರ, ಎದುರಿಗಿರುವುದು ಹಸುಗೂಸಾದರೂ, 'ತುಲೌ' ಎಂದು ಅಪ್ಪಣೆ ಬೇಡಿಯೇ ಮುಟ್ಟುತ್ತಾಳೆ. ಪೇಟೆಯ ಅಂಗಡಿಗಳಲ್ಲಿ ತಲೆಯೆಂದರೆ ತೆಂಗಿನಕಾಯಿ, ಯಾರೂ ಕೇಳುವುದಿಲ್ಲ. ಉದುರಿದ ಕೂದಲನ್ನು ಗಾಳಿಗೆ ಬಿಡುವುದಿಲ್ಲ. ಯಾರ ಕೈಗಾದರೂ ಸಿಕ್ಕಿ ಮಾಟ ಮಾಡಿಯಾರೆಂಬ ಹಳೆಯ ಹೆದರಿಕೆ. ಬಿಸ್ಕತ್ತಿನ ಡಬ್ಬಿಗಳಲ್ಲಿ ಒಬ್ಬೊಬ್ಬರದನ್ನು ಬೇರೆಯಾಗಿ ತುಂಬಿ, ಕೆಲಸ ಮುಗಿದ ಮೇಲೆ ಅವರ ಕೈಗೇ ಕೊಡುತ್ತಾಳೆ. ಒಂದು ತಲೆಯ ಮೇಲೆ ಕಂಡದ್ದನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. ಈ ಕೊನೆಯದು ಅವಳನ್ನು ಮುಳುಗಿಸಲಿಕ್ಕೆ ಬಂದಿತ್ತು.

ಮುಳುಗಿಸಲು ಬಂದವಳು ಲೊಸೆನಾ. ಇಗರ್ಜಿಯ ಹಾಡಿನ ಗುಂಪಿನಲ್ಲಿ ಮುಂದಿನ ಸಾಲು. ಪ್ರತಿ ಚರಣಕ್ಕೂ ಭುಜದ ಮೇಲಿನ ನೆಟ್ಟನೆ ಕೂದಲನ್ನು ಹಿಂದಕ್ಕೆ ಎಸೆಯುವವಳು. ಅವಳಪ್ಪ ಈ ಊರಿನವನೇ ಆದರೂ ಲೌಟೋಕಾದ ಸಕ್ಕರೆ ಕಾರ್ಖಾನೆಯಲ್ಲಿದ್ದುದರಿಂದ ಬೆಳೆದದ್ದು ಅಲ್ಲಿ. ಮದುವೆಯಾಗಿ ಇಲ್ಲಿಗೆ ಬಂದಾಗಲೇ ಕೂದಲು ನೆಟ್ಟಗಿತ್ತು. ಯಾರೂ ಕೇಳದಿದ್ದರೂ ಹೇಳುತ್ತಿದ್ದಳು: "ನಮ್ಮಮ್ಮನ ಅಮ್ಮ ಟೋಂಗಾ ದ್ವೀಪದವಳು, ನೆಟ್ಟನೆ ಕೂದಲಿನವಳು. ನಂಗೆ ಬಂದಿರೋದು ಆಕೆ ಕೂದಲೇ." ಆ ಟೋಂಗಾ ಅಜ್ಜಿ ಮೂರು ತಿಂಗಳಿಗೊಮ್ಮೆ ಸುವಾಕ್ಕೆ ಹೋಗಿ ಬರುತ್ತಿದ್ದಳೆಂದು ನನಗೆ ಗೊತ್ತಿತ್ತು. ಆದರೆ ಊರು ನಂಬಿತ್ತು.

ಲೊಸೆನಾಳ ದೊಡ್ಡಪ್ಪ ಎಮೋಸಿ ತೀರಿಕೊಂಡಾಗ ಊರೇ ಅತ್ತಿತು. ಒಳ್ಳೆಯ ಮನುಷ್ಯ. ನದಿಯ ಆಚೆ ದಡದಿಂದಲೇ ಅವನ ಗುಂಗುರು ತಲೆ ಗುರುತು ಸಿಗುತ್ತಿತ್ತು. ಮಣ್ಣಾದ ದಿನ ಮನೆಯವರೆಲ್ಲ ನೂರು ರಾತ್ರಿಯ ನೇಮ ಹಿಡಿದರು. ಒಬ್ಬ ಯಾಂಗೋನಾ ಬೇರಿನ ಪಾನಕ ಕುಡಿಯುವುದಿಲ್ಲವೆಂದ, ಒಬ್ಬಳು ಮೀನು ಬಿಟ್ಟಳು, ಗಂಡಸರು ಗಡ್ಡ ಬೆಳೆಸಿದರು. ಲೊಸೆನಾ ಎದ್ದು, "ನೂರು ರಾತ್ರಿ ನನ್ನ ಕೂದಲಿಗೆ ಕತ್ತರಿ ಮುಟ್ಟಿಸಲ್ಲ" ಎಂದು ಕೂದಲನ್ನು ಹಿಂದಕ್ಕೆ ಎಸೆದು ಕೂತಳು. ಉಳಿದವರು ಇಷ್ಟವಾದದ್ದನ್ನು ಬಿಟ್ಟರು. ಇವಳು ಮೆರೆಸಿಕೊಳ್ಳುವುದನ್ನು ಇಟ್ಟುಕೊಂಡಳು.

ಇಪ್ಪತ್ತೊಂದನೆಯ ದಿನ ಹಿತ್ತಲ ಬಾಗಿಲಿಂದ ಬಂದಳು, ತಲೆಗೆ ಬಟ್ಟೆ. ನಾನು ಅಲ್ಲೇ ಕೂತು ಕಾಯಿ ತುರಿಯುತ್ತಿದ್ದೆ. ಬಟ್ಟೆ ಬಿಚ್ಚಿದರೆ ಅರ್ಧ ಹಿಡಿ ಕೂದಲು ಬಟ್ಟೆಯ ಜೊತೆಗೇ ಬಂತು.

"ಯಾವ ಅಂಗಡಿ?" ಅಲುಮಿತಾ ಕೇಳಿದಳು.

"ಹೊಸದು ಅಕ್ಕ. ಅವರ ಔಷಧಿ ಬೇರೆ, ವಾಸನೆನೇ ಇಲ್ಲ. ದೊಡ್ಡಪ್ಪ ಹೋಗೋಕೆ ಒಂದು ವಾರ ಮುಂಚೆ ಹಾಕಿಸ್ದೆ."

"ಹಳೇ ಔಷಧಿ ಮೇಲೆ ಇನ್ನೊಂದು ಜಾತಿದು ಬಿದ್ರೆ ಕೂದಲು ಒಳಗೇ ಬೆಂದುಹೋಗುತ್ತೆ. ಹಾಕೋರು ಕೇಳ್ಬೇಕಿತ್ತು, ಮುಂಚೆ ಏನು ಹಾಕ್ಸಿದ್ದೆ ಅಂತ. ಕೇಳಿದ್ರಾ?"

"ಕೇಳಿದ್ರು. ನಾನು, ಏನೂ ಹಾಕ್ಸಿಲ್ಲ, ಹುಟ್ಟಿದಾಗಿಂದ ಹೀಗೇ ಅಂದೆ."

ನನಗೆ ನಗು ತಡೆಯಲಾಗಲಿಲ್ಲ. ಕೂದಲು ನೆಟ್ಟಗೆ ಮಾಡಿಸಲಿಕ್ಕೆ ಹೋದವಳು ಅಲ್ಲಿಯೂ ಅದನ್ನೇ ಹೇಳಿದ್ದಾಳೆ! "ಟೋಂಗಾ ಅಜ್ಜಿ ಕೈಬಿಟ್ಳೇನೇ?" ಎಂದೆ.

"ನೀನು ಸುಮ್ನಿರೇ ಬಾವಲಿ" ಎಂದು ಅಲುಮಿತಾ ಗದರಿದಳು. ಬೆರಳಲ್ಲಿ ಬುಡ ನೋಡಿದಳು. "ಎಲ್ಲ ಕತ್ತರಿಸ್ಬೇಕು. ಉಳಿಯೋದು ಹೊಸದಾಗಿ ಬಂದಿರೋದು ಅಷ್ಟೇ."

"ಅಯ್ಯೋ ಅಕ್ಕ, ನೇಮ!"

ಅಲುಮಿತಾ ಕೈಗೆತ್ತಿಕೊಂಡ ಕತ್ತರಿಯನ್ನು ಹಾಗೇ ಕೆಳಗಿಟ್ಟಳು. ಸತ್ತವನಿಗೆ ಕೊಟ್ಟ ಮಾತು ಮುರಿಸುವ ಹೆಂಗಸಲ್ಲ ಅವಳು. "ಸರಿ. ಇನ್ನು ಎಪ್ಪತ್ತೊಂಬತ್ತು ರಾತ್ರಿ ಈ ಹೆಣ ಹೊತ್ಕೊಂಡು ತಿರುಗು. ಕತ್ತರಿ ಇಲ್ದೆ ಎಷ್ಟಾಗುತ್ತೋ ಮಾಡ್ತೀನಿ."

ಅವತ್ತಿನಿಂದ ವಾರಕ್ಕೆರಡು ಸಲ ಸೇವೆ ಶುರುವಾಯಿತು. ಉಗುರುಬೆಚ್ಚಗಿನ ನೀರಲ್ಲಿ ತಿಕ್ಕದೆ ತೊಳೆಯುವುದು, ಮೊಕೊಸೋಯಿ ಹೂ ಹಾಕಿ ಕಾಸಿದ ತೆಂಗಿನೆಣ್ಣೆಯನ್ನು ಬುಡಕ್ಕೆ ಮುಟ್ಟಿಸುವುದು, ಬಾಚಣಿಗೆ ಇಲ್ಲದೆ ಬೆರಳಲ್ಲೇ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸುವುದು, ಸಡಿಲವಾಗಿ ಹೆಣೆಯುವುದು. ಎರಡು ಗಂಟೆ ಮಂಡಿಯೂರಿ ಮಾಡುತ್ತಿದ್ದಳು. ಆದರೂ ಪ್ರತಿ ಸಲ ಬೋಗುಣಿಯಲ್ಲಿ ಒಂದು ಹಿಡಿ ಉಳಿಯುತ್ತಿತ್ತು. ಅದು ಡಬ್ಬಿಗೆ. ಇಷ್ಟು ಮಾಡಿಸಿಕೊಳ್ಳುವವಳು ಒಂದು ಮಾತು ಚೆನ್ನಾಗಿ ಆಡಿದಳೇ? "ಮೆಲ್ಲಗೆ ಅಕ್ಕ, ನೋಯುತ್ತೆ" ಎನ್ನುತ್ತಿದ್ದಳು. ನಾನು ಕಾಯಿಯನ್ನು ಚಿಪ್ಪಿನವರೆಗೂ ತುರಿಯುತ್ತಿದ್ದೆ.

ದಾರಿಯಲ್ಲಿ ಬಟ್ಟೆ ಸುತ್ತಿಕೊಳ್ಳಬಹುದು, ಹಿರಿಯರ ಎದುರು ತಲೆ ಮುಚ್ಚಿ ಕೂರುವಂತಿಲ್ಲ. ಎಪ್ಪತ್ತನೆಯ ದಿನ, ನೂರನೆಯ ದಿನಕ್ಕೆ ಚಾಪೆ ಎಷ್ಟು ಬೇಕೆಂದು ಮಾತಾಡಲು ಸಭಾಮನೆಯಲ್ಲಿ ಸೇರಿದರು. ಎಮೋಸಿಯ ತಂಗಿ, ಲೊಸೆನಾಳ ಸೋದರತ್ತೆ ಸಲನಿಯೇತಾ, ಕನ್ನಡಕ ಸರಿಮಾಡಿಕೊಂಡು ನೋಡಿದಳು. ಲೊಸೆನಾಳ ಎಡಗಡೆಯ ಕೂದಲು ಕಿವಿಯ ಮೇಲಕ್ಕೆ ಮೊಟಕಾಗಿತ್ತು.

"ಕತ್ತರಿಸಿದೀಯೇನೇ?"

"ಇಲ್ಲ ಅತ್ತೆ."

"ಮತ್ತೆ ತಾನಾಗೇ ಬಿತ್ತಾ?"

ಹೌದು ಎನ್ನಬಹುದಿತ್ತು. ಹೌದೆಂದರೆ ಯಾಕೆ ಬಿತ್ತೆಂದು ಹೇಳಬೇಕು. ಲೊಸೆನಾ ಬಾಯಿ ಮುಚ್ಚಿಕೊಂಡಳು. ಊರಿಗೆ ಅಷ್ಟು ಸಾಕಾಯಿತು. ಲೊಸೆನಾ ನೇಮ ಮುರಿದಳು, ಸರಿ. ಕತ್ತರಿಸಿದ್ದು ಯಾರು? ಅವಳು ವಾರಕ್ಕೆರಡು ಸಲ ಯಾರ ಹಿತ್ತಲಿಗೆ ನುಸುಳುತ್ತಾಳೆ?

ನಮ್ಮ ಊರಿನವರ ನಾಲಿಗೆಯಷ್ಟು ಚುರುಕಾದದ್ದು ಅಲುಮಿತಾಳ ಕತ್ತರಿಯೂ ಅಲ್ಲ. ವಾರದೊಳಗೆ ಅವಳ ಜಗಲಿ ಖಾಲಿಯಾಯಿತು. ಸತ್ತವನ ನೇಮ ಮುರಿದ ಕೈಗೆ ಯಾರು ತಲೆ ಕೊಡುತ್ತಾರೆ? ಅವಳ ಕೈಯಿಂದಲೇ ಮಕ್ಕಳ ಮೊದಲ ಕೂದಲು ತೆಗೆಸಿದವರು ರಸ್ತೆಯ ಆಚೆ ಬದಿಗೆ ಹೋದರು. ನೂರನೆಯ ದಿನ ಮನೆಯವರ ಕೂದಲು ಗಡ್ಡ ತೆಗೆಯಲು ಅಲುಮಿತಾಳಿಗೇ ಹೇಳಿಯಾಗಿತ್ತು. ಸಲನಿಯೇತಾ ಹೇಳಿಕಳಿಸಿದಳು: ಬರುವುದು ಬೇಡ, ನೌಸೋರಿಯಿಂದ ಬೇರೆಯವರನ್ನು ಕರೆಸುತ್ತೇವೆ.

ಅಷ್ಟಾದ ಮೇಲೂ ಲೊಸೆನಾ ಹಿತ್ತಲ ಬಾಗಿಲಿಂದ ಬಂದಳು, ತಲೆ ತೊಳೆಸಿಕೊಳ್ಳಲು! ನಾನು ತುರಿಯುವ ಮಣೆ ಎತ್ತಿಕೊಂಡು ಎದ್ದೆ.

"ಕೂರೇ" ಎಂದಳು ಅಲುಮಿತಾ ನನಗೆ. ಲೊಸೆನಾಳಿಗೆ, "ನಿಜ ಹೇಳು ಅವರಿಗೆ. ನನ್ನ ಹೆಸರು ಹೋಗ್ತಾ ಇದೆ" ಎಂದಳು.

"ಅಕ್ಕ, ಹತ್ತು ವರ್ಷದಿಂದ ಅಜ್ಜಿ ಕೂದಲು ಅಂತ ಹೇಳ್ಕೊಂಡು ಬಂದೀನಿ. ಹೇಗೆ ಮುಖ ತೋರಿಸ್ಲಿ? ನೀವು ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನಾನು ಹೇಳಲ್ಲ. ಈ ಬಾವಲಿಗೂ ಹೇಳೋಕೆ ಬಿಡಲ್ಲ. ನಿನ್ನ ತಲೆ, ನಿನ್ನ ಬಾಯಿ. ನೀನೇ ಹೇಳ್ಬೇಕು." ಆಮೇಲೆ, "ತುಲೌ" ಎಂದು ಎಂದಿನಂತೆ ತಲೆ ತೊಳೆದಳು. ನಾನು ಆ ದಿನ ಅಲುಮಿತಾಳನ್ನು ಬೈದ ಹಾಗೆ ಯಾವತ್ತೂ ಬೈದಿಲ್ಲ. ಮೂರು ಮನೆ ಆಚೆಗೂ ಕೇಳಿಸಿತಂತೆ.

ನೂರನೆಯ ದಿನ ಮಧ್ಯಾಹ್ನ ಸಭಾಮನೆ ತುಂಬಿತ್ತು. ಬೇಡವೆಂದಿದ್ದರೂ ಅಲುಮಿತಾ ಬಂದು ಬಾಗಿಲ ಹತ್ತಿರ ಕೂತಳು, ಮಡಿಲಲ್ಲಿ ಲೊಸೆನಾಳ ಡಬ್ಬಿ. ಕೆಲಸ ಮುಗಿಯಿತು, ಅವಳದ್ದನ್ನು ಅವಳಿಗೆ ಕೊಡಬೇಕು ಎಂದಳು ನನಗೆ. ಹಿರಿಯರು ಮಾತು ಶುರುಮಾಡುವ ಮೊದಲೇ ಲೊಸೆನಾಳ ಗಂಡ ತಪ್ಪುಕಾಣಿಕೆಯಾಗಿ ಯಾಂಗೋನಾ ಬೇರಿನ ಕಟ್ಟನ್ನು ಅವರ ಮುಂದೆ ಇಟ್ಟು ತಲೆ ತಗ್ಗಿಸಿದ. ತನ್ನ ಹೆಂಡತಿ ತಿಳಿಯದೆ ಕೂದಲು ಕತ್ತರಿಸಿಕೊಂಡಳು, ಸತ್ತ ಹಿರಿಯರೂ ಬದುಕಿರುವವರೂ ಕ್ಷಮಿಸಬೇಕು ಎಂದ.

ನಾನು ಬಾಯಿ ಬಿಟ್ಟುಕೊಂಡು ಕೂತೆ. ಲೊಸೆನಾ ಮಾಡದ ತಪ್ಪನ್ನು ಗಂಡನ ಬಾಯಿಂದ ಒಪ್ಪಿಸಿದ್ದಾಳೆ!

"ಯಾರ ಕತ್ತರಿ?" ಸಲನಿಯೇತಾ ಕೇಳಿದಳು.

ಲೊಸೆನಾ ಬಾಗಿಲ ಕಡೆ ನೋಡಿದಳು. ಎಲ್ಲರ ಮುಖವೂ ಅಲುಮಿತಾಳ ಕಡೆ ತಿರುಗಿತು.

ಈಗ ಹೇಳುತ್ತಾಳೆ ಎಂದುಕೊಂಡೆ. ಅವಳು ಎದ್ದು, ಕೂತವರ ನಡುವೆ ಬೆನ್ನು ಬಗ್ಗಿಸಿ, "ತುಲೌ, ತುಲೌ" ಎನ್ನುತ್ತ ಹೋಗಿ ಲೊಸೆನಾಳ ಹಿಂದೆ ಕೂತಳು.

"ನೇಮ ಮುಗೀತಲ್ವಾ ಸಲನಿಯೇತಮ್ಮ? ಈಗ ಕತ್ತರಿಸಬಹುದಾ?"

"ಮುಗೀತು. ಕತ್ತರಿಸೋಕೆ ನೀನು ಏನಾದ್ರೂ ಉಳಿಸಿದ್ರೆ ತಾನೇ?"

"ಲೊಸೆನಾ, ಕತ್ತರಿಸ್ಲಾ? ಬೇಡ ಅಂದ್ರೆ ಎದ್ದು ಹೋಗ್ತೀನಿ."

ನೂರನೆಯ ದಿನ ಎಲ್ಲರೆದುರು ಬೇಡವೆನ್ನಲು ಯಾವ ಕಾರಣವಿದೆ? ಲೊಸೆನಾ ಚಾಪೆ ನೋಡುತ್ತ, "ಹೂಂ" ಎಂದಳು.

ಅಲುಮಿತಾ ಸೊಂಟದಿಂದ ಕತ್ತರಿ ತೆಗೆದಳು, ಅವಸರ ಮಾಡಲಿಲ್ಲ. ಒಂದೊಂದೇ ಎಳೆಗೊಂಚಲು ಹಿಡಿದು, ಹೊಸದೂ ಹಳೆಯದೂ ಸೇರುವ ಕಡೆ ಕತ್ತರಿಸಿದಳು. ನೆಟ್ಟನೆಯ ತುಂಡುಗಳು ಚಾಪೆಯ ಮೇಲೆ ಬಿದ್ದವು. ಅವುಗಳ ಭಾರ ಕಳಚಿದಂತೆ ಕೆಳಗಿದ್ದದ್ದು ಸುರುಳಿ ಸುತ್ತಿಕೊಂಡಿತು, ಕರ್ರಗೆ, ಒತ್ತಾಗಿ. ಹಿಂದಿನ ಸಾಲಿನ ಮಕ್ಕಳು ಮೊದಲು ಕಿಸಕ್ಕೆಂದರು. ದೊಡ್ಡವರು ಯಾರೂ ನಗಲಿಲ್ಲ.

ಸಲನಿಯೇತಾ ಮಂಡಿಯ ಮೇಲೆ ತೆವಳಿಕೊಂಡು ಬಂದಳು. ತುಲೌ ಎಂದು ಹೇಳಿ ಬೆರಳನ್ನು ಆ ಗುಂಗುರಿನೊಳಗೆ ಇಟ್ಟಳು. ಅಲ್ಲೇ ಇಟ್ಟುಕೊಂಡಳು. "ಇದು ನಮ್ಮಣ್ಣನ ಕೂದಲು" ಎಂದಳು. ಆಮೇಲೆ ಚಾಪೆಯಿಂದ ಒಂದು ನೆಟ್ಟನೆಯ ತುಂಡನ್ನು ಎತ್ತಿದಳು. "ಇದು ಯಾರದ್ದು?"

"ಅತ್ತೆ," ಲೊಸೆನಾ ಅಳುತ್ತಿದ್ದಳು, "ನಾನು ಕತ್ತರಿಸ್ಲಿಲ್ಲ. ಅಕ್ಕನೂ ಕತ್ತರಿಸ್ಲಿಲ್ಲ. ಔಷಧಿ ಹಾಕ್ಸಿ ಸುಟ್ಕೊಂಡೆ. ಹತ್ತು ವರ್ಷದಿಂದ ಹಾಕ್ಸ್ತಾ ಇದೀನಿ. ಅದೇ ಉದುರಿಹೋಯ್ತು."

"ನೇಮ ಮುರೀಲೇ ಇಲ್ಲ ನೀನು?"

"ಇಲ್ಲ."

"ಮತ್ತೆ ಮುರಿದೆ ಅಂತ ಬೇರು ತಂದಿಟ್ಯಲ್ಲೇ! ನಮ್ಮಣ್ಣನಿಗೆ ಮೋಸ ಮಾಡಿದವಳು ಅನ್ನಿಸ್ಕೊಂಡ್ರೂ ಸರಿ, ನಮ್ಮಣ್ಣನ ಥರ ಕಾಣಬಾರದು. ಅಷ್ಟು ಅಸಹ್ಯವಾಗಿದ್ನೇನೇ ಅವನು?"

ಸಲನಿಯೇತಾ ಲೊಸೆನಾಳಿಗೆ ಬೆನ್ನು ಹಾಕಿ ಅಲುಮಿತಾಳ ಎದುರು ಕೂತು, ಕನ್ನಡಕ ತೆಗೆದು ತಲೆ ಬಗ್ಗಿಸಿದಳು. "ಮುಂದೆ ನಂದು ತೆಗಿ. ನೌಸೋರಿಯವನು ಬಂದ್ರೆ ಊಟ ಹಾಕಿ ಕಳಿಸಿ."

"ಒಂದು ನಿಮಿಷ" ಎಂದಳು ಅಲುಮಿತಾ. ಚಾಪೆಯ ಮೇಲಿನ ತುಂಡುಗಳನ್ನೆಲ್ಲ ಅಂಗೈಯಲ್ಲಿ ಬಳಿದು ಡಬ್ಬಿಗೆ ಹಾಕಿದಳು, ಒಂದೆಳೆಯನ್ನೂ ಬಿಡಲಿಲ್ಲ. ಮುಚ್ಚಳ ಒತ್ತಿ ಅದನ್ನು ಲೊಸೆನಾಳ ಮಡಿಲಲ್ಲಿಟ್ಟಳು.

"ತಗೋ, ನಿನ್ನ ಟೋಂಗಾ ಅಜ್ಜಿ. ಮನೆಗೆ ಕರ್ಕೊಂಡು ಹೋಗು."